ಗ್ರಂಥಾಲಯ ಕಟ್ಟಡಗಳು ಆಯಾ ಊರಿನ ಬಿಸಿಲು ಮಳೆಗೆ ತಕ್ಕಂತಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಗ್ರಾಮ ಪಂಚಾಯಿತಿ ಮಟ್ಟದ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದ ಮೇಲೆ ಅವುಗಳಿಗೆ ಹೊಸ ಕಳೆ ಬಂದಿದೆ. ರಾಜ್ಯದಲ್ಲಿ 5,600ಕ್ಕೂ ಹೆಚ್ಚಿರುವ ಈ ಗ್ರಂಥಾಲಯಗಳನ್ನು ಈಗ ‘ಅರಿವು ಕೇಂದ್ರ’ಗಳೆಂದು ಕರೆಯಲಾಗುತ್ತಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಶಾಲಾಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ಸದಸ್ಯರನ್ನಾಗಿ ಮಾಡಿತು. ಅನೇಕ ಕಡೆ ಹಳೆಯ ಕೊಠಡಿಗಳು ಸುಣ್ಣಬಣ್ಣ ಕಂಡಿವೆ, ಕೆಲವೆಡೆ ಹೊಸ ಕಟ್ಟಡಗಳೂ ಎದ್ದಿವೆ. ಪುಸ್ತಕದ ಮೇಲೆ ಸರ್ಕಾರಿ ಹಣ ಇಷ್ಟು ಶ್ರದ್ಧೆಯಿಂದ ಖರ್ಚಾಗುವುದನ್ನು ನೋಡುವುದು ನನ್ನಂಥವರಿಗೆ ನಿಜಕ್ಕೂ ಸಂತೋಷದ ವಿಷಯ. ಆ ಸಂತೋಷದಿಂದಲೇ, ಈ ಕಟ್ಟಡಗಳನ್ನು ನಾವು ಕಟ್ಟುತ್ತಿರುವ ಬಗೆಯ ಕುರಿತು ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಇಲಾಖೆಯ ಹಾಗೂ ಪಂಚಾಯಿತಿಗಳ ಗಮನಕ್ಕೆ ತರಬಯಸುತ್ತೇನೆ. ಪಾಲಿಟೆಕ್ನಿಕ್ ಒಂದರಲ್ಲಿ ಸಿವಿಲ್ ವಿಭಾಗದ ಉಪನ್ಯಾಸಕನಾಗಿದ್ದು ನಿವೃತ್ತನಾದವನು ನಾನು. ನನ್ನ ಅನೇಕ ವಿದ್ಯಾರ್ಥಿಗಳು ಇಂದು ಇಂಥದೇ ಕಾಮಗಾರಿಗಳ ಅಂದಾಜುಪಟ್ಟಿ ತಯಾರಿಸುವ ಕಿರಿಯ ಎಂಜಿನಿಯರುಗಳಾಗಿದ್ದಾರೆ.

ನಮ್ಮ ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿ ಕೇಂದ್ರದ ಗ್ರಂಥಾಲಯಕ್ಕೆ ಕಳೆದ ಬೇಸಿಗೆಯಲ್ಲಿ ಹೋಗಿದ್ದೆ. ಕಟ್ಟಡ ಹೊಸದು. ಸಿಮೆಂಟ್ ಬ್ಲಾಕಿನ ಗೋಡೆ, ಮೇಲೆ ಆರ್‌ಸಿಸಿ ತಾರಸಿ, ಅಲ್ಯೂಮಿನಿಯಂ ಚೌಕಟ್ಟಿನ ಜಾರುವ ಕಿಟಕಿಗಳು, ನೆಲಕ್ಕೆ ಹೊಳೆಯುವ ಟೈಲ್ಸ್. ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಒಬ್ಬರೂ ಇರಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಾಲ್ಕೈದು ಹುಡುಗರು ತಮ್ಮ ಪುಸ್ತಕಗಳೊಂದಿಗೆ ಎದುರಿನ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ಕಬ್ಬಿಣದ ಬೀರುವಿನ ಮೇಲ್ಗಡೆಯ ಅರೆಯಿಂದ ಒಂದು ನಿಘಂಟನ್ನು ತೆಗೆದುಕೊಂಡರೆ ಅದರ ಬೆನ್ನಿನ ಅಂಟು ಒಣಗಿ ಪುಡಿಯಾಗಿ ಹಾಳೆಗಳು ಕೈಗೆ ಬಂದವು. ಪಡುವಣ ಗೋಡೆಯನ್ನು ಮುಟ್ಟಿದರೆ ಅಂಗೈ ಬಿಸಿಯಾಗುತ್ತಿತ್ತು. ಮೇಲ್ವಿಚಾರಕಿಯವರು ಅಂಗಳಕ್ಕೆ ನೀರು ಚಿಮುಕಿಸಿ, ಪತ್ರಿಕೆಗಳನ್ನು ಹೊರಗಿನ ಬೆಂಚಿನ ಮೇಲೆ ಇಟ್ಟಿದ್ದರು. “ಸಂಜೆ ಆರೂವರೆ ಆದ ಮೇಲೆ ಒಳಗೆ ಕೂರಬಹುದು ಸರ್, ಅಷ್ಟರಲ್ಲಿ ಮಕ್ಕಳು ಮನೆಗೆ ಹೋಗಿಬಿಡ್ತಾರೆ” ಎಂದರು ಅವರು.

ಅವರ ಆ ಮಾತಿನಲ್ಲಿ ಕಟ್ಟಡ ವಿಜ್ಞಾನದ ಒಂದು ಮುಖ್ಯ ಪಾಠವೇ ಇದೆ. ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟಿನ ತಾರಸಿಯು ಬೆಳಗಿನಿಂದ ಬಿಸಿಲನ್ನು ಹೀರುತ್ತಾ ಹೋಗುತ್ತದೆ. ಹೀರಿದ ಶಾಖ ಅದರ ತಳದ ಮೈಗೆ ಇಳಿಯಲು ಕೆಲವು ಗಂಟೆಗಳು ಬೇಕಾಗುವುದರಿಂದ, ಹೊರಗಿನ ಬಿಸಿಲು ಇಳಿಯತೊಡಗುವ ಮೂರು ನಾಲ್ಕು ಗಂಟೆಯ ಹೊತ್ತಿಗೆ ಸರಿಯಾಗಿ ತಾರಸಿಯ ಒಳಮೈ ಕಾದು ಕೆಳಗೆ ಕುಳಿತವರ ತಲೆಯ ಮೇಲೆ ಶಾಖವನ್ನು ಸೂಸಲು ಆರಂಭಿಸುತ್ತದೆ. ಫ್ಯಾನು ಹಾಕಿದರೆ ಅದೇ ಬಿಸಿ ಗಾಳಿ ಕೆಳಗೆ ಬರುತ್ತದೆ. ಶಾಲೆ ಬಿಟ್ಟ ಮಕ್ಕಳು ಗ್ರಂಥಾಲಯಕ್ಕೆ ಬರುವುದು ನಾಲ್ಕೂವರೆಯಿಂದ ಆರರ ನಡುವೆ. ಅಂದರೆ, ನಾವು ಯಾರಿಗಾಗಿ ಈ ಕಟ್ಟಡ ಕಟ್ಟಿದೆವೋ ಅವರು ಬರುವ ವೇಳೆಯೇ ಅದು ಅತ್ಯಂತ ಅಸಹನೀಯವಾಗಿರುವ ವೇಳೆ. ಇದು ಗುತ್ತಿಗೆದಾರನ ಕಳಪೆ ಕಾಮಗಾರಿಯಲ್ಲ. ಕೆಲಸ ನಕ್ಷೆಗೆ ಸರಿಯಾಗಿಯೇ ನಡೆದಿದೆ, ದೋಷವಿರುವುದು ಆ ನಕ್ಷೆಯಲ್ಲೇ.

‘ಹಸಿರು ಕಟ್ಟಡ’ ಎಂಬ ಮಾತು ಕೇಳಿದೊಡನೆ ನಮ್ಮ ಕಣ್ಣಮುಂದೆ ಬರುವುದು ಬೆಂಗಳೂರಿನ ಗಾಜಿನ ಕಚೇರಿಗಳು ಮತ್ತು ಅವುಗಳ ಗೋಡೆಗೆ ತೂಗುಹಾಕಿದ ಶ್ರೇಯಾಂಕದ ಫಲಕಗಳು. ಕೇಂದ್ರ ಸರ್ಕಾರ 2007ರಲ್ಲಿ ಹೊರತಂದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯೂ ರೂಪುಗೊಂಡದ್ದು ದೊಡ್ಡ ಪ್ರಮಾಣದ ವಿದ್ಯುತ್ ಭಾರವಿರುವ ವಾಣಿಜ್ಯ ಕಟ್ಟಡಗಳಿಗಾಗಿ. ಐದಾರು ಫ್ಯಾನು, ಹತ್ತು ದೀಪ, ಎರಡು ಕಂಪ್ಯೂಟರು ಇರುವ ಗ್ರಂಥಾಲಯ, ಅಂಗನವಾಡಿ, ಸಮುದಾಯ ಭವನಗಳು ಇಂತಹ ಯಾವ ಸಂಹಿತೆಯ ಲೆಕ್ಕಕ್ಕೂ ಸಿಗುವುದಿಲ್ಲ. ಒಂದೊಂದೇ ನೋಡಿದರೆ ಅವು ಸಣ್ಣವು, ನಿಜ. ಆದರೆ ರಾಜ್ಯದ ಪ್ರತಿ ಪಂಚಾಯಿತಿಯಲ್ಲಿ ಒಂದೊಂದು, ಪ್ರತಿ ಬಡಾವಣೆಯಲ್ಲಿ ಒಂದೊಂದು ಎಂದು ಕೂಡಿಸಿದರೆ ಅವು ಬಳಸುವ ಸಿಮೆಂಟು, ಕಬ್ಬಿಣ, ಮರಳಿನ ಮೊತ್ತ ಸಣ್ಣದಲ್ಲ. ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ಒಂದು ಟನ್ ತಯಾರಾಗುವಾಗ ಸುಮಾರು 800ರಿಂದ 900 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ವಾತಾವರಣಕ್ಕೆ ಸೇರುತ್ತದೆ. ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಸರ್ಕಾರಿ ಕಟ್ಟಡವನ್ನು ನೋಡಿಯೇ ಊರಿನವರು ತಮ್ಮ ಮನೆ ಕಟ್ಟುತ್ತಾರೆ. ಪಂಚಾಯಿತಿಯೇ ಸಿಮೆಂಟಿನ ಪೆಟ್ಟಿಗೆ ಕಟ್ಟಿದರೆ, ಹಳೆಯ ಮಾಳಿಗೆ ಮನೆಯನ್ನು ಕೆಡವಿ ಅಂಥದೇ ಪೆಟ್ಟಿಗೆ ಕಟ್ಟುವುದು ಪ್ರಗತಿಯೆಂದು ಊರಿಗೆ ತೋರುತ್ತದೆ.

ಆ ಮಾಳಿಗೆ ಮನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಚಿತ್ರದುರ್ಗ, ತುಮಕೂರು, ಬಳ್ಳಾರಿ ಭಾಗದ ಹಳ್ಳಿಗಳಲ್ಲಿ ಕಂಬ, ತೊಲೆ, ಜಂತೆಗಳ ಮೇಲೆ ಸೊಪ್ಪು ಹೊದಿಸಿ, ಅದರ ಮೇಲೆ ಒಂದು ಮೊಳದಷ್ಟು ಮಣ್ಣು ಹಾಕಿ, ಮೇಲೆ ಕರಲು ಮಣ್ಣಿನ ಪದರ ಕೊಡುತ್ತಿದ್ದರು. ಕರಲು ಮಣ್ಣು ಮಳೆಯ ನೀರನ್ನು ಒಳಗೆ ಬಿಡುವುದಿಲ್ಲ, ಅದರಡಿಯ ದಪ್ಪ ಮಣ್ಣು ಬಿಸಿಲನ್ನು ಒಳಗೆ ಬಿಡುವುದಿಲ್ಲ. ನಡುಮನೆಯ ಮೇಲಿನ ಗವಾಕ್ಷಿಯಿಂದ ಬೆಳಕು ಬೀಳುತ್ತಿತ್ತು, ಮೇಲೇರಿದ ಬಿಸಿ ಗಾಳಿ ಅದರಿಂದಲೇ ಹೊರಗೆ ಹೋಗುತ್ತಿತ್ತು. ಎಲ್ಲರೂ ಮಾಳಿಗೆಗೆ ಹಿಂತಿರುಗಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಬೇಕಾದ ಮರ ಇಂದು ಸಿಗುವುದಿಲ್ಲ, ವರ್ಷಕ್ಕೊಮ್ಮೆ ಮಣ್ಣು ಹಾಕುವವರೂ ಇಲ್ಲ, ಗೆದ್ದಲಿನ ಕಾಟ ಪುಸ್ತಕಗಳಿಗೆ ಒಳ್ಳೆಯದಲ್ಲ. ಆದರೆ ಆ ಮನೆಗಳನ್ನು ಕಟ್ಟಿದ ಮೇಸ್ತ್ರಿಗಳು ಮೊದಲು ಕೇಳಿಕೊಳ್ಳುತ್ತಿದ್ದ ಪ್ರಶ್ನೆಗಳು, ಅಂದರೆ ಬಿಸಿಲು ಯಾವ ಕಡೆಯಿಂದ, ಗಾಳಿ ಯಾವ ಕಡೆಯಿಂದ, ಮಣ್ಣು ಎಂಥದು, ಕಲ್ಲು ಎಷ್ಟು ದೂರ ಎಂಬ ಪ್ರಶ್ನೆಗಳು, ಇಂದಿನ ಮಾದರಿ ನಕ್ಷೆಗಳಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ.

ಬಿಸಿಲಿನ ಲೆಕ್ಕ ಕಷ್ಟದ್ದೂ ಅಲ್ಲ, ಅದಕ್ಕೆ ಹಣವೂ ಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ ಸೂರ್ಯ ವರ್ಷದ ಬಹುಪಾಲು ದಿನ ದಕ್ಷಿಣಕ್ಕೆ ವಾಲಿ ಸಾಗುತ್ತಾನೆ, ಬೇಸಿಗೆಯ ತಿಂಗಳುಗಳಲ್ಲಿ ನೆತ್ತಿಯ ಮೇಲೆ ಅಥವಾ ತುಸು ಉತ್ತರಕ್ಕೆ ಇರುತ್ತಾನೆ. ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ಕೂಡ ಸೂರ್ಯ ಕ್ಷಿತಿಜದಿಂದ 53 ಡಿಗ್ರಿ ಮೇಲಿರುವುದರಿಂದ, ದಕ್ಷಿಣದ ಕಿಟಕಿಯ ಮೇಲೆ ಮೂರು ಅಡಿಯ ಸಜ್ಜಾ ಕೊಟ್ಟರೆ ಅದರ ನೆರಳು ಸುಮಾರು ನಾಲ್ಕು ಅಡಿ ಕೆಳಗಿನವರೆಗೆ ಬೀಳುತ್ತದೆ. ಇಡೀ ಕಿಟಕಿಯೇ ನೆರಳಿನಲ್ಲಿ ಉಳಿಯುತ್ತದೆ. ಪೂರ್ವ ಪಶ್ಚಿಮದ ಬಿಸಿಲು ಹಾಗಲ್ಲ. ಅದು ಓರೆಯಾಗಿ, ತಗ್ಗಿನಲ್ಲಿ ಬರುವುದರಿಂದ ಯಾವ ಸಜ್ಜಾವೂ ಅದನ್ನು ತಡೆಯಲಾರದು. ಆದ್ದರಿಂದ ಕಟ್ಟಡದ ಉದ್ದವು ಪೂರ್ವ ಪಶ್ಚಿಮವಾಗಿ ಇರಬೇಕು, ಓದುವ ಕಿಟಕಿಗಳು ಉತ್ತರಕ್ಕೂ ದಕ್ಷಿಣಕ್ಕೂ ತೆರೆಯಬೇಕು, ಪಡುವಣ ಗೋಡೆಯ ಕಡೆ ಉಗ್ರಾಣ, ಶೌಚಾಲಯ, ಮೆಟ್ಟಿಲುಗಳನ್ನು ಇಡಬೇಕು ಎಂಬುದು ಡಿಪ್ಲೊಮಾ ಎರಡನೇ ವರ್ಷದಲ್ಲೇ ನಾವು ಹೇಳಿಕೊಡುವ ಪಾಠ. ಆದರೂ ನಿವೇಶನ ಸಿಕ್ಕ ದಿಕ್ಕಿಗೆ ನಕ್ಷೆಯನ್ನು ಹಾಗೆಯೇ ಇಟ್ಟುಬಿಡುವುದನ್ನು, ರಸ್ತೆ ಪಶ್ಚಿಮಕ್ಕಿದ್ದರೆ ದೊಡ್ಡ ಗಾಜಿನ ಕಿಟಕಿಗಳನ್ನು ಪಶ್ಚಿಮಕ್ಕೇ ಇಡುವುದನ್ನು ಹೋದಲ್ಲೆಲ್ಲ ನೋಡುತ್ತಿದ್ದೇನೆ. ಆ ಜಾರುವ ಕಿಟಕಿಗಳಲ್ಲಿ ಇನ್ನೊಂದು ತೊಂದರೆಯಿದೆ. ಎರಡು ಹಲಗೆಯ ಜಾರುವ ಕಿಟಕಿಯಲ್ಲಿ ಯಾವ ಹೊತ್ತಿಗೂ ಅರ್ಧ ಭಾಗ ಮಾತ್ರ ತೆರೆದಿರುತ್ತದೆ. ಅದೇ ಹಣಕ್ಕೆ ಪೂರ್ತಿ ತೆರೆಯುವ ಬಾಗಿಲಿನ ಕಿಟಕಿ, ಅದರ ಮೇಲೆ ಛಾವಣಿಯ ಸಮೀಪ ಸೊಳ್ಳೆಪರದೆಯ ಜಾಲರಿ ಹಾಕಿದ ಗಾಳಿಕಿಂಡಿ ಕೊಟ್ಟರೆ, ರಾತ್ರಿ ಬೀಗ ಹಾಕಿದ ಮೇಲೂ ಬಿಸಿ ಗಾಳಿ ಹೊರಗೆ ಹೋಗುತ್ತಿರುತ್ತದೆ, ಬೆಳಿಗ್ಗೆ ಬಾಗಿಲು ತೆರೆದಾಗ ಕೋಣೆ ತಣ್ಣಗಿರುತ್ತದೆ.

ಬೆಳಕಿನ ವಿಷಯವೂ ಇದಕ್ಕೇ ಸೇರಿದೆ. ಉತ್ತರದ ಬೆಳಕು ಸಮನಾಗಿ, ಕಣ್ಣಿಗೆ ಹಿತವಾಗಿ ಬರುತ್ತದೆ, ಪುಸ್ತಕದ ಮೇಲೆ ನೇರ ಬಿಸಿಲು ಬೀಳದ ಕಾರಣ ಹಾಳೆ ಹಳದಿಯಾಗುವುದೂ ತಡವಾಗುತ್ತದೆ. ಹಗಲಿನಲ್ಲಿ ದೀಪ ಉರಿಸುವ ಅಗತ್ಯವೇ ಬರದಿದ್ದರೆ ಆ ಉಳಿತಾಯ ಯಾವ ಸೌರಫಲಕವೂ ಕೊಡದ ಉಳಿತಾಯ. ಸೌರಫಲಕ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಮೊದಲು ಬೇಡಿಕೆ ಇಳಿಯಬೇಕು. ಸಾಮಾನ್ಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಕಡಿಮೆ ವಿದ್ಯುತ್ ಬಳಸುವ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನೊಳಗೆ ಅಷ್ಟೇ ಗಾಳಿ ಕೊಡುತ್ತದೆ. ಆರು ಫ್ಯಾನುಗಳಿರುವ ಓದುಕೋಣೆಯಲ್ಲಿ 450 ವ್ಯಾಟಿನ ಭಾರ 180 ವ್ಯಾಟಿಗೆ ಇಳಿಯುತ್ತದೆ. ಅಷ್ಟು ಇಳಿದ ಮೇಲೆ ಒಂದು ಚಿಕ್ಕ ಸೌರ ಘಟಕವೇ ಕರೆಂಟು ಹೋದಾಗಲೂ ಗ್ರಂಥಾಲಯವನ್ನು ನಡೆಸಬಲ್ಲದು.

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಕರ್ನಾಟಕ ಒಂದೇ ಹವಾಗುಣದ ರಾಜ್ಯವಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ವಿಜಯಪುರದಲ್ಲಿ, ನಮ್ಮ ಚಿತ್ರದುರ್ಗದಲ್ಲಿ 600 ಮಿಲಿಮೀಟರಿನ ಆಸುಪಾಸು. ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 42 ಡಿಗ್ರಿ ದಾಟುವಾಗ ಮಡಿಕೇರಿಯವರು ಸಂಜೆ ಬೆಚ್ಚನೆ ಹೊದೆಯುತ್ತಾರೆ. ಇಷ್ಟು ಭಿನ್ನವಾದ ಊರುಗಳಿಗೆ ಒಂದೇ ಮಾದರಿ ನಕ್ಷೆ ಹೊಂದುವುದು ಸಾಧ್ಯವೇ ಇಲ್ಲ. ಉಡುಪಿ, ದಕ್ಷಿಣ ಕನ್ನಡದ ಕಡೆ ಹೋಗಿ ನೋಡಿ. ಸಮತಟ್ಟಾದ ಆರ್‌ಸಿಸಿ ತಾರಸಿ ಹಾಕಿ, ನಾಲ್ಕು ಮಳೆಗಾಲದಲ್ಲಿ ಅದು ಸೋರಿ, ಅದರ ಮೇಲೆ ಮತ್ತೆ ಕಬ್ಬಿಣದ ಕೋಲು ನಿಲ್ಲಿಸಿ ತಗಡಿನ ಇಳಿಜಾರು ಛಾವಣಿ ಹೊದಿಸಿದ ಕಟ್ಟಡಗಳು ಸಾಲುಸಾಲಾಗಿವೆ. ಒಂದೇ ಕಟ್ಟಡಕ್ಕೆ ಎರಡು ಛಾವಣಿಯ ಖರ್ಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಇಡೀ ಪಶ್ಚಿಮ ಕರಾವಳಿಗೆ, ಅದರಾಚೆಗೂ ಹಬ್ಬಿದ ಮಂಗಳೂರು ಹೆಂಚು ಆ ಮಳೆಗೆಂದೇ ಇದ್ದ ಉತ್ತರ. ಅಲ್ಲಿನ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಯೂ ಹಾಗೆಯೇ. ಇಂದು ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿವೆ. ಕರಾವಳಿಯ ಪ್ರತಿ ತಾಲ್ಲೂಕಿನ ಗ್ರಂಥಾಲಯ, ಅಂಗನವಾಡಿಗಳಿಗೆ ಹೆಂಚಿನ ಛಾವಣಿಯನ್ನೇ ಬರೆದರೆ ಉಳಿದಿರುವ ಕಾರ್ಖಾನೆಗಳಿಗೆ ಅದೊಂದು ಆಸರೆಯಾದೀತು. ಕೆಡವಿದ ಹಳೆಯ ಮನೆಗಳ ಗಟ್ಟಿ ಹೆಂಚುಗಳನ್ನು ಮರುಬಳಸಲು ಅವಕಾಶ ಕೊಟ್ಟರೆ ಖರ್ಚು ಇನ್ನೂ ಇಳಿಯುತ್ತದೆ.

ಉತ್ತರದ ಎರೆಭೂಮಿಯ ಸಮಸ್ಯೆ ಬೇರೆಯೇ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಮಾದರಿ ನಕ್ಷೆಯ ಸಾಧಾರಣ ಬುನಾದಿ ಅಲ್ಲಿ ನಿಲ್ಲದೆ ಮೂರನೇ ವರ್ಷಕ್ಕೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಕಟ್ಟಡವನ್ನು ಹತ್ತಿಪ್ಪತ್ತು ವರ್ಷದಲ್ಲಿ ಕೆಡವಿ ಮತ್ತೆ ಕಟ್ಟುವುದಕ್ಕಿಂತ ಪರಿಸರಕ್ಕೆ ದುಬಾರಿಯಾದ ಕೆಲಸ ಬೇರಿಲ್ಲ. ಅದೇ ಭಾಗದಲ್ಲಿ ಶಹಾಬಾದ್ ಕಲ್ಲು ಹೇರಳವಾಗಿದೆ. ಬಾದಾಮಿ, ಬಾಗಲಕೋಟೆಯ ಕಡೆ ಕಟ್ಟಡಕ್ಕೆ ಒಗ್ಗುವ ಮರಳುಗಲ್ಲಿದೆ. ದಪ್ಪ ಕಲ್ಲಿನ ಗೋಡೆ, ಚಿಕ್ಕ ಕಿಟಕಿ, ನೆರಳಿನ ಅಂಗಳ ಆ ಬಿಸಿಲಿಗೆ ನೂರಾರು ವರ್ಷಗಳಿಂದ ಪರೀಕ್ಷೆಗೊಳಗಾದ ಪರಿಹಾರ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಿಟಕಿಗಳ ಕಲ್ಲಿನಲ್ಲಿ ಅಕ್ಷರಗಳನ್ನೇ ಕೊರೆದು, ಆ ಅಕ್ಷರಗಳ ಸಂದಿನಿಂದ ಬೆಳಕು ಗಾಳಿ ಒಳಗೆ ಬರುವಂತೆ ಮಾಡಿದ್ದಾರೆ. ಆ ಜಿಲ್ಲೆಯ ಯಾವುದಾದರೂ ಗ್ರಂಥಾಲಯಕ್ಕೆ ಸರಳವಾದ ಕಲ್ಲಿನ ಜಾಲಂಧ್ರದಲ್ಲಿ ಕನ್ನಡದ ವರ್ಣಮಾಲೆಯನ್ನು ಕೊರೆಸಬಾರದೇಕೆ ಎಂಬುದು ನನ್ನ ಬಹುದಿನದ ಆಸೆ.

ಹಳೆಯ ಮೈಸೂರು, ತುಮಕೂರು, ಕೋಲಾರದ ಕೆಂಪುಮಣ್ಣಿನ ಸೀಮೆಗೆ ಉತ್ತರ ಬೆಂಗಳೂರಿನಲ್ಲಿಯೇ ಸಿದ್ಧವಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಕೆಂಪುಮಣ್ಣಿಗೆ ಹದವಾಗಿ ಮರಳು, ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ನೀರುಣಿಸಿ ಗಟ್ಟಿಮಾಡುವ ಈ ‘ಸ್ಥಿರೀಕೃತ ಮಣ್ಣಿನ ಇಟ್ಟಿಗೆ’ಗೆ ತಗಲುವ ಶಕ್ತಿ, ಸುಟ್ಟ ಇಟ್ಟಿಗೆಗೆ ತಗಲುವುದರ ಸುಮಾರು ನಾಲ್ಕನೇ ಒಂದು ಪಾಲು ಮಾತ್ರ ಎಂದು ಅವರ ಅಧ್ಯಯನ ತೋರಿಸಿಕೊಟ್ಟಿದೆ. ನಿವೇಶನದಲ್ಲಿ ಬುನಾದಿಗೆ, ನೀರಿನ ಸಂಪಿಗೆಂದು ತೋಡಿದ ಮಣ್ಣೇ ಗೋಡೆಯಾಗುತ್ತದೆ, ಲಾರಿ ಬಾಡಿಗೆ ಉಳಿಯುತ್ತದೆ, ಇಟ್ಟಿಗೆ ಒತ್ತುವ ಕೂಲಿ ಊರಿನವರಿಗೇ ಸಿಗುತ್ತದೆ. ಇದೇ ಇಟ್ಟಿಗೆಯನ್ನು ಎರೆಭೂಮಿಗೆ ಒಯ್ಯಬಾರದು. ಆ ಮಣ್ಣು ಇದಕ್ಕೆ ಒಗ್ಗುವುದಿಲ್ಲ. ಪರಿಸರಸ್ನೇಹಿ ಎಂದೊಡನೆ ಒಂದು ಸಾಮಗ್ರಿಯನ್ನು ಹಿಡಿದು ಅದನ್ನೇ ರಾಜ್ಯಕ್ಕೆಲ್ಲ ಹೇರಿದರೆ, ಇಂದಿನ ಮಾದರಿ ನಕ್ಷೆಯ ತಪ್ಪನ್ನೇ ಹಸಿರು ಬಣ್ಣ ಬಳಿದು ಮುಂದುವರಿಸಿದಂತಾಗುತ್ತದೆ. ರಾಯಚೂರಿನ ಶಕ್ತಿನಗರದ ಸುತ್ತ ಶಾಖೋತ್ಪನ್ನ ಕೇಂದ್ರದ ಹಾರುಬೂದಿ ಗುಡ್ಡೆಗುಡ್ಡೆಯಾಗಿ ಬಿದ್ದಿದೆ. ಅಲ್ಲಿಗೆ ಹಾರುಬೂದಿಯ ಇಟ್ಟಿಗೆಯೇ ಸರಿ.

ಸಾರ್ವಜನಿಕ ಗ್ರಂಥಾಲಯಕ್ಕೂ ಇಂಥ ಕಡಿಮೆ ಖರ್ಚಿನ ಕಟ್ಟಡಕ್ಕೂ ಎಲ್ಲಿಯ ನಂಟು ಎನ್ನುವವರು ತಿರುವನಂತಪುರದ ಉಳ್ಳೂರಿನಲ್ಲಿರುವ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನೊಮ್ಮೆ ನೋಡಬೇಕು. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರು 1971ರಲ್ಲಿ ಸ್ಥಾಪಿಸಿದ ಆ ಸಂಸ್ಥೆಯ ಕಟ್ಟಡಗಳನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿಕೊಟ್ಟರು. ಗುಡ್ಡದ ಮೇಲಿನ ಮರಗಳನ್ನು ಕಡಿಯದೆ ಅವುಗಳ ನಡುವೆ ನೆಲದ ಏರಿಳಿತಕ್ಕೆ ಹೊಂದಿಸಿ ಕಟ್ಟಿದ ಇಟ್ಟಿಗೆಯ ಗೋಡೆಗಳು, ಕಿಟಕಿಯ ಬದಲಿಗೆ ಇಟ್ಟಿಗೆಯದೇ ಜಾಲಂಧ್ರಗಳು, ನಡುವೆ ಗೋಪುರದಂತೆ ನಿಂತ ದುಂಡಗಿನ ಗ್ರಂಥಾಲಯ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ರ್‍ಯಾಟ್ ಟ್ರ್ಯಾಪ್ ವಿಧಾನವನ್ನು ಅವರು ಕೇರಳದಲ್ಲಿ ಜನಪ್ರಿಯಗೊಳಿಸಿದರು. ಅದರಲ್ಲಿ ಇಟ್ಟಿಗೆ ನೂರಕ್ಕೆ ಇಪ್ಪತ್ತೈದರಷ್ಟು ಉಳಿಯುತ್ತದೆ, ನಡುವಿನ ಗಾಳಿ ಶಾಖವನ್ನು ತಡೆಯುತ್ತದೆ. ಫಿಲ್ಲರ್ ಸ್ಲ್ಯಾಬ್ ಕೂಡ ಅವರಿಂದಲೇ ಮನೆಮಾತಾದದ್ದು. ತಾರಸಿಯ ತಳಭಾಗದ ಕಾಂಕ್ರೀಟು ಭಾರ ಹೊರುವ ಕೆಲಸವನ್ನೇನೂ ಮಾಡದಿರುವುದರಿಂದ, ಕಂಬಿಗಳ ನಡುವಿನ ಆ ಜಾಗದಲ್ಲಿ ಎರಡೆರಡು ಹಳೆಯ ಮಂಗಳೂರು ಹೆಂಚುಗಳನ್ನು ಜೋಡಿಸಿ ಇಟ್ಟರೆ ಕಾಂಕ್ರೀಟು ಉಳಿಯುತ್ತದೆ, ತಾರಸಿ ಹಗುರವಾಗುತ್ತದೆ, ಹೆಂಚುಗಳ ನಡುವಿನ ಪೊಳ್ಳಿನಿಂದ ಕೋಣೆ ತಂಪಾಗುತ್ತದೆ. ಹೋಬಳಿ ಕೇಂದ್ರದ ಆ ಗ್ರಂಥಾಲಯಕ್ಕೆ ಇದೊಂದನ್ನು ಮಾಡಿ, ತಾರಸಿಯ ಮೇಲೆ ಬಿಳಿ ಸುಣ್ಣ ಬಳಿದಿದ್ದರೂ ಸಾಕಿತ್ತು. ಇನ್ನೂ ಇತ್ತೀಚಿನ ಉದಾಹರಣೆ ಬೇಕೆನ್ನುವವರಿಗೆ ಮಹಾರಾಷ್ಟ್ರದ ಕೋಪರಗಾಂವ್ ಇದೆ. ಅಲ್ಲಿನ ಶಾಲೆಯೊಂದರ ಆವರಣದಲ್ಲಿ 2018ರಲ್ಲಿ ಪೂರ್ಣಗೊಂಡ ಮಾಯಾ ಸೋಮಯ್ಯ ಗ್ರಂಥಾಲಯದ ಛಾವಣಿಯು ತೆಳು ಇಟ್ಟಿಗೆಗಳನ್ನು ಪದರಪದರವಾಗಿ ಜೋಡಿಸಿದ ಕಮಾನು. ಮಕ್ಕಳು ಕೆಳಗೆ ಓದುತ್ತಾರೆ, ಮೇಲೆ ಹತ್ತಿ ಆಡುತ್ತಾರೆ. ನಮ್ಮ ಉತ್ತರ ಕರ್ನಾಟಕದಂಥದೇ ಬಿಸಿಲಿನ ಊರು ಅದು.

ಇಷ್ಟೆಲ್ಲ ಗೊತ್ತಿದ್ದೂ ನಮ್ಮಲ್ಲಿ ಏಕೆ ನಡೆಯುತ್ತಿಲ್ಲ ಎಂದು ನನ್ನ ಹಳೆಯ ವಿದ್ಯಾರ್ಥಿಗಳನ್ನು ಕೇಳಿದ್ದೇನೆ. ಅವರು ಕೊಡುವ ಉತ್ತರದಲ್ಲಿ ಸೋಮಾರಿತನವಿಲ್ಲ, ಅಸಹಾಯಕತೆ ಇದೆ. ದರಪಟ್ಟಿಯಲ್ಲಿ ಸಿದ್ಧ ದರವಿರುವ ಬಾಬುಗಳನ್ನು ಬರೆದರೆ ಅಂದಾಜುಪಟ್ಟಿ ಒಂದೇ ವಾರದಲ್ಲಿ ಮಂಜೂರಾಗುತ್ತದೆ. ಬೇರೆಯ ಸಾಮಗ್ರಿ ಬರೆದರೆ ದರ ವಿಶ್ಲೇಷಣೆ ಮಾಡಬೇಕು, ಮೇಲಿನವರ ಪ್ರಶ್ನೆಗೆ ಉತ್ತರಿಸಬೇಕು, ನಾಳೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದರೆ ಸಹಿ ಹಾಕಿದವನೇ ಹೊಣೆ. ಮಾರ್ಚ್ 31ರೊಳಗೆ ಅನುದಾನ ಖರ್ಚಾಗಬೇಕೆಂಬ ಅವಸರ ಬೇರೆ. ಆದ್ದರಿಂದ ಇಲಾಖೆಯಲ್ಲಿ ನನ್ನ ಮೊದಲ ಮನವಿ ಇದು: ಸ್ಥಿರೀಕೃತ ಮಣ್ಣಿನ ಇಟ್ಟಿಗೆ, ರ್‍ಯಾಟ್ ಟ್ರ್ಯಾಪ್ ಗೋಡೆ, ಫಿಲ್ಲರ್ ಸ್ಲ್ಯಾಬ್, ಮುರಕಲ್ಲು, ಶಹಾಬಾದ್ ಕಲ್ಲು, ಸುಣ್ಣದ ಗಾರೆ, ಹಳೆಯ ಹೆಂಚು ಮತ್ತು ಮರದ ಮರುಬಳಕೆ, ಇವೆಲ್ಲಕ್ಕೂ ಜಿಲ್ಲಾವಾರು ಸ್ಪಷ್ಟ ದರಗಳನ್ನು, ಗುಣಮಟ್ಟದ ಪರೀಕ್ಷೆಯ ವಿಧಾನದೊಂದಿಗೆ ನಿಗದಿಪಡಿಸಬೇಕು. ಕರಾವಳಿ, ಮಲೆನಾಡು, ಕೆಂಪುಮಣ್ಣಿನ ಬಯಲುಸೀಮೆ, ಎರೆಭೂಮಿ ಎಂದು ಕನಿಷ್ಠ ನಾಲ್ಕು ಬಗೆಯ ಗ್ರಂಥಾಲಯ ನಕ್ಷೆಗಳನ್ನು ತಯಾರಿಸಿ, ಪ್ರತಿಯೊಂದರಲ್ಲೂ ರಸ್ತೆ ಯಾವ ದಿಕ್ಕಿಗಿದ್ದರೂ ಕಟ್ಟಡವನ್ನು ಹೇಗೆ ತಿರುಗಿಸಬೇಕೆಂಬುದನ್ನು ತೋರಿಸಬೇಕು. ಜಿಲ್ಲೆಗೊಂದರಂತೆ ಇರುವ ನಿರ್ಮಿತಿ ಕೇಂದ್ರಗಳ ಕಲ್ಪನೆ ಹುಟ್ಟಿದ್ದೇ 1980ರ ದಶಕದ ಮಧ್ಯದಲ್ಲಿ ಕೇರಳದ ಕೊಲ್ಲಂನಲ್ಲಿ, ಪ್ರವಾಹದ ನಂತರ, ಕಡಿಮೆ ಖರ್ಚಿನ ಸ್ಥಳೀಯ ತಂತ್ರಜ್ಞಾನವನ್ನು ಜನರಿಗೆ ತಲುಪಿಸುವುದಕ್ಕಾಗಿ. ಗಾರೆಯವರಿಗೆ ಈ ವಿಧಾನಗಳಲ್ಲಿ ತರಬೇತಿ ಕೊಡುವ ಕೆಲಸಕ್ಕೆ ಅವುಗಳಿಗಿಂತ ಯೋಗ್ಯವಾದ ಸಂಸ್ಥೆ ಇನ್ನೊಂದಿಲ್ಲ.

ಹೊಸದು ಕಟ್ಟುವ ಮೊದಲು ಊರಿನಲ್ಲಿ ಇರುವುದನ್ನು ನೋಡಬೇಕು ಎಂಬ ಮಾತನ್ನೂ ಇಲ್ಲಿಯೇ ಸೇರಿಸುತ್ತೇನೆ. ಬಹುಪಾಲು ಊರುಗಳಲ್ಲಿ ಬಳಕೆ ತಪ್ಪಿದ ಹಳೆಯ ಶಾಲಾ ಕೊಠಡಿಯೋ ಚಾವಡಿಯೋ ಇರುತ್ತದೆ. ಎತ್ತರದ ಛಾವಣಿ, ದಪ್ಪ ಗೋಡೆ, ಮುಂದೆ ಉದ್ದನೆಯ ಜಗಲಿ ಇರುವ ಇಂಥ ಕಟ್ಟಡವನ್ನು ಶಿಥಿಲವೆಂದು ಬರೆದು ಕೆಡವುವುದಕ್ಕೆ ಬದಲಾಗಿ ಛಾವಣಿ ದುರಸ್ತಿ ಮಾಡಿದರೆ ಅರ್ಧ ಖರ್ಚಿನಲ್ಲಿ ಉತ್ತಮ ಗ್ರಂಥಾಲಯವಾಗುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ 1915ರಿಂದ ಗ್ರಂಥಾಲಯ ನಡೆಯುತ್ತಿದೆ. ನೂರು ವರ್ಷ ಮೀರಿದ ಆ ಕೆಂಪು ಕಟ್ಟಡದೊಳಗೆ ಬೇಸಿಗೆಯಲ್ಲಿಯೂ ಹಿತವಾಗಿ ಕುಳಿತು ಓದಬಹುದು. ಎತ್ತರದ ಮಾಡು, ಎತ್ತರದ ಕಿಟಕಿ, ಸುತ್ತಲಿನ ಮರಗಳು ಆ ಕೆಲಸವನ್ನು ಮಾಡುತ್ತಿವೆ.

ಸಮುದಾಯ ಭವನಗಳ ವಿಷಯದಲ್ಲಿ ಒಂದು ಸೂಚನೆ ಇದೆ. ಅನೇಕ ಊರುಗಳಲ್ಲಿ ಇವು ಮದುವೆ, ಸಭೆಗಳ ಕೆಲವು ದಿನ ಬಿಟ್ಟರೆ ಉಳಿದ ದಿನ ಬೀಗ ಹಾಕಿಯೇ ಇರುತ್ತವೆ, ಪಕ್ಕದಲ್ಲಿಯೇ ಗ್ರಂಥಾಲಯ ಹತ್ತಡಿ ಕೋಣೆಯಲ್ಲಿ ಉಸಿರುಗಟ್ಟಿರುತ್ತದೆ. ಎರಡನ್ನೂ ಒಂದೇ ಅಂಗಳದ ಸುತ್ತ ಕಟ್ಟಿ, ಶೌಚಾಲಯ, ನೀರಿನ ಸಂಪು, ಜಗಲಿಗಳನ್ನು ಹಂಚಿಕೊಂಡರೆ ಜಾಗ, ಹಣ, ಸಾಮಗ್ರಿ ಮೂರೂ ಉಳಿಯುತ್ತವೆ. ಭವನಕ್ಕೆ ಹಾಕುವ ತಗಡಿನ ಛಾವಣಿಯನ್ನು ಮಾತ್ರ ಓದುಕೋಣೆಯವರೆಗೆ ಎಳೆಯಬಾರದು. ಮಳೆ ಬಂದರೆ ಅದರ ಕೆಳಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಬೆಳಿಗ್ಗೆ ಪತ್ರಿಕೆ ಓದಲು ಬರುವ ಹಿರಿಯರಿಗೆ ಜಗಲಿಯೇ ಓದುಕೋಣೆ, ಅದಕ್ಕೆ ಬೀಗ ತೆಗೆಯಬೇಕಾದ್ದೂ ಇಲ್ಲ. ಹೆಣ್ಣುಮಕ್ಕಳಿಗೆ ನೀರಿರುವ, ಚಿಲಕವಿರುವ ಶೌಚಾಲಯ ಇಲ್ಲದಿದ್ದರೆ ದಿನವಿಡೀ ಓದಲು ಬರುವ ಯುವತಿಯರು ಮಧ್ಯಾಹ್ನಕ್ಕೇ ಮನೆಗೆ ಹೊರಡುತ್ತಾರೆ. ಗಾಲಿಕುರ್ಚಿಯ ಇಳಿಜಾರು ಹನ್ನೆರಡು ಅಡಿಗೆ ಒಂದು ಅಡಿಗಿಂತ ಕಡಿದಾಗಿರಬಾರದು. ಫೋಟೋಗೆಂದು ಕಟ್ಟಿದ ಕಡಿದಾದ ಇಳಿಜಾರುಗಳ ಮೇಲೆ ನಡೆದಾಡುವವರೇ ಜಾರುತ್ತಾರೆ. ಮಳೆನೀರಿನ ಲೆಕ್ಕವಂತೂ ಬಾಯಿಲೆಕ್ಕ. ನೂರು ಚದರ ಮೀಟರಿನ ಛಾವಣಿಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ ಅದು 60,000 ಲೀಟರು, ಐದನೇ ಒಂದು ಪಾಲು ನಷ್ಟವಾದರೂ 48,000 ಲೀಟರು ಕೈಗೆ ಸಿಗುತ್ತದೆ. ನಮ್ಮಂಥ ಬರದ ಜಿಲ್ಲೆಯಲ್ಲಿ ಗ್ರಂಥಾಲಯದ ಶೌಚಾಲಯಕ್ಕೂ ಗಿಡಗಳಿಗೂ ಟ್ಯಾಂಕರ್ ಕರೆಸುವ ಅಗತ್ಯವೇ ಬೀಳುವುದಿಲ್ಲ.

ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯವು ಬೆಳೆಯುತ್ತಿರುವ ಜೀವಿ ಎಂಬುದು. ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದ ಆ ಮಹನೀಯರ ಸೂತ್ರ ಕಟ್ಟಡಕ್ಕೂ ಅನ್ವಯಿಸುತ್ತದೆ. ಒಂದು ಬದಿಯ ಗೋಡೆಯನ್ನು ಭಾರ ಹೊರದಂತೆ ಇಟ್ಟು, ನಾಳೆ ಅದನ್ನು ತೆಗೆದು ಇನ್ನೊಂದು ಅಂಕಣ ಸೇರಿಸಲು ಜಾಗ ಬಿಟ್ಟರೆ ಹತ್ತು ವರ್ಷದ ನಂತರ ಕೆಡವುವ ಪ್ರಸಂಗ ಬರುವುದಿಲ್ಲ.

ಕೊನೆಯದಾಗಿ ಹಣದ ಮಾತು. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಅದರಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಷ್ಟು ಗ್ರಂಥಾಲಯ ಕರವನ್ನು ಸೇರಿಸಿ ಕಟ್ಟುತ್ತಿದ್ದೇವೆ. ಕಟ್ಟಲು ಅನುದಾನ ಸಿಗುತ್ತದೆ, ಉದ್ಘಾಟನೆಗೂ ಸಿಗುತ್ತದೆ, ಆದರೆ ಮಳೆಗಾಲದ ಮುಂಚೆ ತಾರಸಿಯ ನೀರುಕೊಳವೆ ಸ್ವಚ್ಛಗೊಳಿಸಲು, ಒಡೆದ ಹೆಂಚು ಬದಲಿಸಲು, ಎರಡು ವರ್ಷಕ್ಕೊಮ್ಮೆ ಸುಣ್ಣ ಬಳಿಯಲು ಯಾವ ಶೀರ್ಷಿಕೆಯಲ್ಲೂ ಹಣವಿರುವುದಿಲ್ಲ. ಈ ಕರದ ಒಂದು ನಿಶ್ಚಿತ ಪಾಲನ್ನು ಆಯಾ ಕಟ್ಟಡದ ನಿರ್ವಹಣೆಗೇ ಮೀಸಲಿಟ್ಟು, ಅದನ್ನು ಖರ್ಚು ಮಾಡುವ ಅಧಿಕಾರವನ್ನು ಪಂಚಾಯಿತಿ ಮತ್ತು ಮೇಲ್ವಿಚಾರಕರಿಗೆ ಕೊಡಬೇಕು. ಗುತ್ತಿಗೆದಾರರಿಗೆ ಕೊನೆಯ ಕಂತು ಪಾವತಿಸುವ ಮೊದಲು ಒಂದು ಬೇಸಿಗೆ ಕಳೆಯಲಿ. ಏಪ್ರಿಲ್ ಅಥವಾ ಮೇ ತಿಂಗಳ ಒಂದು ದಿನ ಮಧ್ಯಾಹ್ನ ಎರಡು ಗಂಟೆಗೂ ಸಂಜೆ ಐದಕ್ಕೂ ಓದುಕೋಣೆಯ ಉಷ್ಣಾಂಶವನ್ನು ಅಳೆದು ಕಡತಕ್ಕೆ ಸೇರಿಸುವಂತೆ, ದೀಪ ಹಾಕದೆ ನಡುಕೋಣೆಯ ಮೇಜಿನ ಮೇಲೆ ಪುಸ್ತಕ ಓದಲು ಸಾಧ್ಯವೇ ಎಂಬುದನ್ನು ದಾಖಲಿಸುವಂತೆ ಇಲಾಖೆ ಸುತ್ತೋಲೆ ಹೊರಡಿಸಲಿ. ಮುಂದಿನ ಕ್ರಿಯಾಯೋಜನೆ ಗ್ರಾಮಸಭೆಯ ಮುಂದೆ ಬಂದಾಗ, ಗ್ರಂಥಾಲಯದ ಮೊತ್ತವನ್ನಷ್ಟೇ ಓದಿ ಮುಗಿಸದೆ ನಕ್ಷೆಯನ್ನು ಗೋಡೆಗೆ ಅಂಟಿಸಿ, ಕಿಟಕಿ ಯಾವ ದಿಕ್ಕಿಗಿದೆ, ಛಾವಣಿ ಯಾವುದರದು ಎಂದು ಊರಿನವರಿಗೆ ವಿವರಿಸಬೇಕೆಂದು ಪಿಡಿಒಗಳಲ್ಲಿ ನನ್ನ ಕಳಕಳಿಯ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ,
ಚಿತ್ರದುರ್ಗ ಜಿಲ್ಲೆ